ಹಲ್ಲಿ ಓದಿದ ಸಾಲು

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಎಂದು ಜನ ನಂಬುತ್ತಾರೆ. ಈ ಕೀರ್ತಿಯ ಚರಿತ್ರೆ ಬರೆಯಬೇಕೆಂದು ಒಂದು ಹಲ್ಲಿ ಪತ್ರಾಗಾರಕ್ಕೆ ಬಂದು, ಅರಮನೆಯ ಹಳೆಯ ಕಾಗದಗಳನ್ನು ಓದತೊಡಗಿತು. ಓದುತ್ತಾ ಓದುತ್ತಾ ಒಂದು ಸಾಲಿನ ಮುಂದೆ ನಿಂತುಬಿಟ್ಟಿತು.

'ಮಾಲಿ ಹೊನ್ನಿಗನೇ ಕಳ್ಳನೆಂದು ದೂರು ಹೇಳುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದ್ದರಿಂದ ದೊರೆ ಅವನನ್ನು ಗಡೀಪಾರು ಮಾಡಿದರು. ಕಳ್ಳ ಬೇರೆಯವನೆಂದು ಆಮೇಲೆ ತಿಳಿಯಿತು.'

ಅದೇ ಹಾಳೆಯ ಅಂಚನ್ನು ಒಂದು ಪುಸ್ತಕದ ಹುಳು ಮೇಯುತ್ತಿತ್ತು. ಹಲ್ಲಿ ಅದನ್ನು ಅಡ್ಡಗಟ್ಟಿತು.

"ಅಯ್ಯಾ, ಈ ಒಂದು ಸಾಲನ್ನು ತಿಂದುಬಿಡು. ನಿನ್ನ ತಂಟೆಗೆ ನಾನೆಂದೂ ಬರುವುದಿಲ್ಲ. ನಮ್ಮ ಅಜ್ಜ ಸುಳ್ಳಿಗೆ ಸಾಕ್ಷಿಯಾದನೆಂದು ಮಕ್ಕಳಿಗೆ ನಾನು ಯಾವ ಬಾಯಲ್ಲಿ ಹೇಳಲಿ?"

ಹುಳು ಮೇಯುವುದನ್ನು ನಿಲ್ಲಿಸಿತು. ತಲೆಯೆತ್ತಿ ಹೇಳಿತು:

"ಅಕ್ಕಾ, ನಾನೇನು ಸಾಚಾ ಅಲ್ಲ. ಹಸಿವು ತಾಳದೆ ಎಷ್ಟೋ ರಾಜರನ್ನು, ಎಷ್ಟೋ ಯುದ್ಧಗಳನ್ನು ತಿಂದಿದ್ದೇನೆ. ಆದರೆ ಇನ್ನೊಬ್ಬರ ನಾಚಿಕೆ ಮುಚ್ಚಲು ಒಂದಕ್ಷರವನ್ನೂ ತಿಂದವನಲ್ಲ. ಹೊನ್ನಿಗ ಕಳ್ಳನಲ್ಲ ಎಂದು ಹೇಳಲು ಈ ಲೋಕದಲ್ಲಿ ಉಳಿದಿರುವುದು ಇದೊಂದೇ ಸಾಲು. ಬೇಕಾದರೆ ನನ್ನನ್ನು ತಿನ್ನು, ಇದನ್ನು ಬಿಡು."

ಹಲ್ಲಿ ಹಾಳೆಯತ್ತ ತಿರುಗಿತು. ಇನ್ನೊಮ್ಮೆ ಆ ಸಾಲನ್ನು ಓದಿತು. ಕೊನೆಗೆ ಬಾಯಿ ತೆರೆಯಿತು. ತನ್ನ ಕಥೆ ಮುಗಿಯಿತೆಂದು ಹುಳು ಮೈ ಮುದುಡಿಕೊಂಡಿತು.

ಕೇಳಿಸಿದ್ದು ಇಷ್ಟೇ: "ಲೊಚ್, ಲೊಚ್, ಲೊಚ್."