ರಾಸ್‌ಬೆರಿ ಗಿಡದ ಕೆಂಪು ದಾರ

ಬೆಟ್ಟದ ಮೇಲೆ ಒಂದು ಊರು. ಚಳಿ ಊರು. ಆ ಊರಲ್ಲಿ ಪುಟ್ಟೀರಿ ಅಂತ ಒಬ್ಬ ಹುಡುಗಿ. ಅವಳಿಗೆ ಆರು ವರ್ಷ. ಮನೆಯಲ್ಲಿ ಅವ್ವ ಮತ್ತು ಅವಳು. ಹಿತ್ತಲಲ್ಲಿ ಒಂದು ರಾಸ್‌ಬೆರಿ ಗಿಡ.

ಗಿಡಕ್ಕೆ ಎರಡು ವರ್ಷ. ಮೈಯೆಲ್ಲ ಸಣ್ಣ ಸಣ್ಣ ಮುಳ್ಳು. ಹೋದ ವರ್ಷ ಬರೀ ಎಲೆ ಬಿಟ್ಟಿತ್ತು. ಈ ವರ್ಷ ಹೂ ಬಿಟ್ಟಿತು. ಹೂ ಉದುರಿತು, ಕಾಯಿ ಕಟ್ಟಿತು. ಹನ್ನೊಂದು ಕಾಯಿ. ಎಲ್ಲ ಹಸಿರು.

ಕಾಯಿ ಭಾರಕ್ಕೆ ಗಿಡದ ಉದ್ದನೆ ಕಡ್ಡಿ ಬಾಗಿತು. ಅವ್ವ ಪಕ್ಕದಲ್ಲಿ ಒಂದು ಗೂಟ ನೆಟ್ಟಳು. ಕೆಂಪು ಉಣ್ಣೆ ದಾರದಿಂದ ಕಡ್ಡಿಯನ್ನು ಗೂಟಕ್ಕೆ ಕಟ್ಟಿದಳು. ಪುಟ್ಟೀರಿ ಕೂಸಾಗಿದ್ದಾಗ ಹಾಕಿದ ಸ್ವೆಟರಿನ ದಾರ ಅದು. ಅಷ್ಟೇ ಉಳಿದಿತ್ತು.

ಒಂದು ಬೆಳಿಗ್ಗೆ ಪುಟ್ಟೀರಿ ಹಿತ್ತಲಿಗೆ ಹೋದಳು. ನೋಡಿದಳು. ದಾರ ಇಲ್ಲ. ಗಿಡ ಮಲಗಿದೆ. ಹನ್ನೊಂದು ಕಾಯಿ ಮಣ್ಣಿನ ಮೇಲಿದೆ.

"ಅವ್ವಾ, ಗಿಡ ಬಿತ್ತು!"

ಅವ್ವ ಬಂದಳು. ನೋಡಿದಳು.

"ಸೆಣಬಿನ ಹುರಿ ಕಟ್ಟೋಣ್ವಾ ಅವ್ವಾ?"

"ಹುರಿ ಒರಟು. ಎಳೇ ಕಡ್ಡಿ ಕೊಯ್ದುಹೋಗುತ್ತೆ. ಆ ಮೆತ್ತನೆ ದಾರವೇ ಬೇಕು."

"ಹಿಂಗೇ ಬಿಟ್ಟರೆ?"

"ಹೊತ್ತು ಇಳಿದ ಮೇಲೆ ಬಸವನಹುಳು ಬರುತ್ತೆ. ಕಾಯೆಲ್ಲ ತಿಂದುಹಾಕುತ್ತೆ."

"ಮುಂದಿನ ವರ್ಷ ಮತ್ತೆ ಬಿಡುತ್ತಲ್ಲ?"

"ಈ ಕಡ್ಡಿ ಹಣ್ಣು ಬಿಡೋದು ಒಂದೇ ಸಲ ಕಣೇ. ಆಮೇಲೆ ಒಣಗಿಹೋಗುತ್ತೆ."

ಪುಟ್ಟೀರಿ ಅಳಲಿಲ್ಲ. ಮೂಗು ಒರೆಸಿಕೊಂಡಳು. ಬೇಲಿ ಕಡೆ ನೋಡಿದಳು. ಬೇಲಿ ಮೇಲೆ ಒಂದು ಪಿಕಳಾರ ಹಕ್ಕಿ ಕೂತಿತ್ತು. ಅದರ ಕೊಕ್ಕಿನಲ್ಲಿ ಕೆಂಪು ದಾರ.

"ಪಿಕಳಾರ, ಪಿಕಳಾರ, ದಾರ ಕೊಡು.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಕೊಡಲ್ಲ," ಅಂತು ಪಿಕಳಾರ. "ನಾಳೆ ನಾನು ಮೊಟ್ಟೆ ಇಡಬೇಕು. ಗೂಡಿನ ತಳ ಮೆತ್ತಗಿರಬೇಕು. ಹತ್ತಿ ತಾ. ದಾರ ಕೊಡ್ತೀನಿ."

ಪುಟ್ಟೀರಿ ಹೋದಳು. ಹೋದಳು, ಹೋದಳು, ಇಮಾಮ್ ತಾತನ ಅಂಗಡಿಗೆ ಹೋದಳು. ಇಮಾಮ್ ತಾತ ಹಾಸಿಗೆ ಹೊಲಿಯುವವನು. ಅವನ ಸುತ್ತ ಹತ್ತಿ. ಅವನ ಗಡ್ಡದಲ್ಲೂ ಹತ್ತಿ.

"ಇಮಾಮ್ ತಾತ, ಇಮಾಮ್ ತಾತ, ಹತ್ತಿ ಕೊಡು.
ಹತ್ತಿ ಕೊಟ್ಟರೆ ಪಿಕಳಾರ ದಾರ ಕೊಡುತ್ತೆ.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಈಗ ಆಗಲ್ಲ ಮಗಾ," ಅಂದ ಇಮಾಮ್ ತಾತ. ಕೆಮ್ಮಿದ. "ಬೆಳಿಗ್ಗೆಯಿಂದ ಹಿಂಜಿ ಹಿಂಜಿ ಗಂಟಲೆಲ್ಲ ಧೂಳು. ಎದ್ದು ಹೋಗೋಕೂ ಪುರುಸೊತ್ತಿಲ್ಲ. ಒಂದು ಲೋಟ ಟೀ ತಾ. ಹತ್ತಿ ಕೊಡ್ತೀನಿ."

ಪುಟ್ಟೀರಿ ಹೋದಳು. ಹೋದಳು, ಹೋದಳು, ಚೆನ್ನಾಜಕ್ಕನ ಟೀ ಅಂಗಡಿಗೆ ಹೋದಳು. ಚೆನ್ನಾಜಕ್ಕ ಕೆನ್ನೆಗೆ ಕೈ ಕೊಟ್ಟು ಕೂತಿದ್ದಳು. ಒಲೆ ಮೇಲೆ ಬರೀ ನೀರು ಕುದಿಯುತ್ತಿತ್ತು.

"ಚೆನ್ನಾಜಕ್ಕ, ಚೆನ್ನಾಜಕ್ಕ, ಟೀ ಕೊಡು.
ಟೀ ಕೊಟ್ಟರೆ ಇಮಾಮ್ ತಾತ ಹತ್ತಿ ಕೊಡ್ತಾನೆ.
ಹತ್ತಿ ಕೊಟ್ಟರೆ ಪಿಕಳಾರ ದಾರ ಕೊಡುತ್ತೆ.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಹಾಲೇ ಇಲ್ಲ," ಅಂದಳು ಚೆನ್ನಾಜಕ್ಕ. "ಹಿಂದುಗಡೆ ನಮ್ಮ ಕೆಂದಿ ಹಸು ಇದೆ. ಬೆಳಿಗ್ಗೆಯಿಂದ ತಂಬಿಗೆ ಹಿಡಿದರೆ ಒದೀತಿದೆ. ಅದರ ಹತ್ತಿರ ನೀನೇ ಮಾತಾಡು. ಹಾಲು ಸಿಕ್ಕರೆ ಟೀ ಕೊಡ್ತೀನಿ."

ಪುಟ್ಟೀರಿ ಹಿಂದುಗಡೆ ಹೋದಳು. ಕೆಂದಿ ಇತ್ತು. ಪುಟ್ಟೀರಿ ಸ್ವಲ್ಪ ದೂರದಲ್ಲೇ ನಿಂತಳು.

"ಕೆಂದಿ, ಕೆಂದಿ, ಹಾಲು ಕೊಡು.
ಹಾಲು ಕೊಟ್ಟರೆ ಚೆನ್ನಾಜಕ್ಕ ಟೀ ಕೊಡ್ತಾಳೆ.
ಟೀ ಕೊಟ್ಟರೆ ಇಮಾಮ್ ತಾತ ಹತ್ತಿ ಕೊಡ್ತಾನೆ.
ಹತ್ತಿ ಕೊಟ್ಟರೆ ಪಿಕಳಾರ ದಾರ ಕೊಡುತ್ತೆ.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಮೂರು ದಿನದಿಂದ ಒಣಹುಲ್ಲು," ಅಂತು ಕೆಂದಿ. "ಹಸಿ ಹುಲ್ಲು ತಾ. ಹಾಲು ಕೊಡ್ತೀನಿ."

ಪುಟ್ಟೀರಿ ಹೋದಳು. ಹೋದಳು, ಹೋದಳು, ಇಳಿಜಾರಿಗೆ ಹೋದಳು. ಅಲ್ಲಿ ಹುಲ್ಲು ಕೊಯ್ಯುವ ಜವರಣ್ಣ ಇದ್ದ. ಹುಲ್ಲು ಆಳುದ್ದ ಬೆಳೆದಿತ್ತು. ಜವರಣ್ಣ ಸುಮ್ಮನೆ ಕಲ್ಲಿನ ಮೇಲೆ ಕೂತಿದ್ದ.

"ಜವರಣ್ಣ, ಜವರಣ್ಣ, ಹುಲ್ಲು ಕೊಡು.
ಹುಲ್ಲು ಕೊಟ್ಟರೆ ಕೆಂದಿ ಹಾಲು ಕೊಡುತ್ತೆ.
ಹಾಲು ಕೊಟ್ಟರೆ ಚೆನ್ನಾಜಕ್ಕ ಟೀ ಕೊಡ್ತಾಳೆ.
ಟೀ ಕೊಟ್ಟರೆ ಇಮಾಮ್ ತಾತ ಹತ್ತಿ ಕೊಡ್ತಾನೆ.
ಹತ್ತಿ ಕೊಟ್ಟರೆ ಪಿಕಳಾರ ದಾರ ಕೊಡುತ್ತೆ.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಯಾವುದರಲ್ಲಿ ಕೊಯ್ಯಲಿ?" ಅಂದ ಜವರಣ್ಣ. "ಕುಡುಗೋಲು ನೋಡು, ಮೊಂಡು. ಕಲ್ಲಿಗೆ ಬಡಿದುಬಿಡ್ತು. ನನಗೆ ಕಾಲು ಉಳುಕಿದೆ, ನಡೆಯೋಕಾಗಲ್ಲ. ನೀನೇ ತಗೊಂಡು ಹೋಗಿ ಚೂಪು ಮಾಡಿಸ್ಕೊಂಡು ಬಾ. ಹುಲ್ಲು ಕೊಡ್ತೀನಿ."

ಕುಡುಗೋಲನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟ. ಪುಟ್ಟೀರಿ ಎರಡು ಕೈಯಲ್ಲೂ ಹಿಡಿದುಕೊಂಡಳು. ಮೆಲ್ಲಗೆ ಹೋದಳು. ಹೋದಳು, ಹೋದಳು, ಆಚಾರಿ ಮಾಮನ ಕುಲುಮೆಗೆ ಹೋದಳು. ಆಚಾರಿ ಮಾಮ ಕಬ್ಬಿಣದ ಕೆಲಸದವನು. ಹೊತ್ತು ಆಗಲೇ ನೆತ್ತಿ ದಾಟಿತ್ತು.

"ಆಚಾರಿ ಮಾಮ, ಆಚಾರಿ ಮಾಮ, ಕುಡುಗೋಲು ಚೂಪು ಮಾಡು.
ಕುಡುಗೋಲು ಕೊಟ್ಟರೆ ಜವರಣ್ಣ ಹುಲ್ಲು ಕೊಡ್ತಾನೆ.
ಹುಲ್ಲು ಕೊಟ್ಟರೆ ಕೆಂದಿ ಹಾಲು ಕೊಡುತ್ತೆ.
ಹಾಲು ಕೊಟ್ಟರೆ ಚೆನ್ನಾಜಕ್ಕ ಟೀ ಕೊಡ್ತಾಳೆ.
ಟೀ ಕೊಟ್ಟರೆ ಇಮಾಮ್ ತಾತ ಹತ್ತಿ ಕೊಡ್ತಾನೆ.
ಹತ್ತಿ ಕೊಟ್ಟರೆ ಪಿಕಳಾರ ದಾರ ಕೊಡುತ್ತೆ.
ದಾರ ಕಟ್ಟಿದರೆ ಗಿಡ ಏಳುತ್ತೆ.
ಗಿಡ ಎದ್ದರೆ ಹನ್ನೊಂದು ಹಣ್ಣು."

"ಮಾಡೋದು ಹೆಂಗೆ?" ಅಂದ ಆಚಾರಿ ಮಾಮ. "ಬೆಂಕಿಗೆ ಗಾಳಿ ಊದೋ ತಿದಿ ಇದೆ. ಅದನ್ನ ಒತ್ತೋರು ಯಾರೂ ಇಲ್ಲ. ನಾನೊಬ್ಬನೇ ತಿದಿ ಒತ್ತಲೋ, ಸುತ್ತಿಗೆ ಹಿಡೀಲೋ? ಎರಡು ಕೈ ತಾ. ಚೂಪು ಮಾಡಿಕೊಡ್ತೀನಿ."

ಪುಟ್ಟೀರಿ ರಸ್ತೆಯ ಆ ಕಡೆ ನೋಡಿದಳು. ಯಾರೂ ಇಲ್ಲ. ಈ ಕಡೆ ನೋಡಿದಳು. ಯಾರೂ ಇಲ್ಲ. ಕೇಳೋಣ ಅಂದರೆ ಒಂದು ನಾಯಿಯೂ ಇಲ್ಲ.

ಪುಟ್ಟೀರಿ ಕೈ ಮುಂದೆ ಚಾಚಿದಳು.

"ಇವು ಆಗುತ್ತಾ?"

ಆಚಾರಿ ಮಾಮ ನೋಡಿದ. "ಸಣ್ಣವು."

"ಎರಡು ಇದಾವೆ."

ಆಚಾರಿ ಮಾಮ ಯೋಚನೆ ಮಾಡಿದ. "ಸರಿ. ಒತ್ತು."

ಪುಟ್ಟೀರಿ ತಿದಿ ಒತ್ತಿದಳು. ಬುಸ್, ಬುಸ್. ಏನೂ ಆಗಲಿಲ್ಲ. ಬುಸ್, ಬುಸ್. ಹೊಗೆ ಬಂತು. ಬುಸ್, ಬುಸ್, ಬುಸ್. ಕೈ ನೋವು ಬಂತು. ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಬುಸ್, ಬುಸ್, ಬುಸ್, ಬುಸ್! ಕೆಂಡ ಕೆಂಪಾಯಿತು. ಕುಡುಗೋಲು ಕೆಂಪಾಯಿತು. ಆಚಾರಿ ಮಾಮ ಠಣ್ ಠಣ್ ಅಂತ ಬಡಿದ. ನೀರಲ್ಲಿ ಅದ್ದಿದ. ಚುಂಯ್! ಆಮೇಲೆ ಕಲ್ಲಿಗೆ ಉಜ್ಜಿದ. ಕುಡುಗೋಲು ಚೂಪಾಯಿತು.

ಪುಟ್ಟೀರಿ ಅದನ್ನು ಗೋಣಿಯಲ್ಲಿ ಸುತ್ತಿಸಿಕೊಂಡಳು. ಹೊರಟಳು. ಹೊತ್ತು ಇಳಿಯುತ್ತಿತ್ತು.

ಕುಡುಗೋಲನ್ನು ಜವರಣ್ಣನಿಗೆ ಕೊಟ್ಟಳು. ಜವರಣ್ಣ ಕೂತಲ್ಲೇ ಕೂತು ಸರಸರ ಕೊಯ್ದ. ಒಂದು ಹೊರೆ ಹುಲ್ಲು ಕೊಟ್ಟ.

ಹುಲ್ಲನ್ನು ಕೆಂದಿಗೆ ಕೊಟ್ಟಳು. ಕೆಂದಿ ತಿಂದಿತು. ಒದೆಯಲಿಲ್ಲ. ಚೆನ್ನಾಜಕ್ಕ ತಂಬಿಗೆ ಹಿಡಿದಳು. ಕೆಂದಿ ತಂಬಿಗೆ ತುಂಬ ಹಾಲು ಕೊಟ್ಟಿತು.

ಹಾಲನ್ನು ಚೆನ್ನಾಜಕ್ಕ ಕುದಿಯುವ ನೀರಿಗೆ ಸುರಿದಳು. ಟೀ ಸೊಪ್ಪು ಹಾಕಿದಳು, ಬೆಲ್ಲ ಹಾಕಿದಳು. ಒಂದು ಲೋಟ ಟೀ ಕೊಟ್ಟಳು. "ಬಿಸಿ ಇದೆ, ಸೆರಗಲ್ಲಿ ಹಿಡ್ಕೋ," ಅಂದಳು. ಪುಟ್ಟೀರಿಗೆ ಸೆರಗು ಇರಲಿಲ್ಲ. ಲಂಗದಲ್ಲಿ ಹಿಡಿದುಕೊಂಡಳು.

ಟೀಯನ್ನು ಇಮಾಮ್ ತಾತನಿಗೆ ಕೊಟ್ಟಳು. ಇಮಾಮ್ ತಾತ ಸೊರ್ ಅಂತ ಕುಡಿದ. ಕೆಮ್ಮು ನಿಂತಿತು. ಎರಡು ಹಿಡಿ ಹತ್ತಿ ಕೊಟ್ಟ. ಒಂದು ಹಿಡಿ ಸಾಕಾಗಿತ್ತು.

ಪುಟ್ಟೀರಿ ಓಡಿದಳು. ಬೇಲಿ ಹತ್ತಿರ ಬಂದಳು. ಹೊತ್ತು ಎದುರಿನ ಬೆಟ್ಟಕ್ಕೆ ತಾಗಿತ್ತು. ಪಿಕಳಾರ ಆಗಲೇ ದಾರವನ್ನು ಬೇಲಿಯೊಳಗಿನ ಗೂಡಿಗೆ ಸುತ್ತಿಬಿಟ್ಟಿತ್ತು.

ಹತ್ತಿಯನ್ನು ಪಿಕಳಾರಕ್ಕೆ ಕೊಟ್ಟಳು. ಪಿಕಳಾರ ಹತ್ತಿ ಮುಟ್ಟಿ ನೋಡಿತು. ಅದರ ಮೇಲೆ ಕೂತು ನೋಡಿತು. ಆಮೇಲೆ ಗೂಡಿನಿಂದ ದಾರ ಎಳೆಯಿತು. ಎಳೆಯಿತು. ಎಳೆಯಿತು. ಪೂರ್ತಿ ಬಿಚ್ಚಿ, ಕೆಳಗೆ ಹಾಕಿತು.

ದಾರ ಸಿಕ್ಕಿತು.

"ಅವ್ವಾ, ಬಾ! ಬೇಗ ಬಾ!"

ಅವ್ವ ಓಡಿ ಬಂದಳು. ಇಬ್ಬರೂ ಗಿಡದ ಹತ್ತಿರ ಕೂತರು. ಒಂದು ಬಸವನಹುಳು ಅವರಿಗಿಂತ ಮೊದಲೇ ಬಂದಿತ್ತು. ಒಂದು ಕಾಯಿ ಅರ್ಧ ತಿಂದಿತ್ತು. ಎರಡನೇ ಕಾಯಿಗೆ ಬಾಯಿ ಹಾಕುತ್ತಿತ್ತು. ಪುಟ್ಟೀರಿ ಅದನ್ನು ಎತ್ತಿದಳು. ಬೇಲಿ ಆಚೆ ಬಿಟ್ಟುಬಂದಳು.

ಅವ್ವ ಕಡ್ಡಿ ಎತ್ತಿ ಹಿಡಿದಳು. ಪುಟ್ಟೀರಿ ದಾರ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಈ ಸಲ ಎರಡು ಗಂಟು ಹಾಕಿದಳು.

ಗಿಡ ಎದ್ದು ನಿಂತಿತು.

"ಹನ್ನೊಂದು ಹಣ್ಣು," ಅಂದಳು ಪುಟ್ಟೀರಿ.

"ಹತ್ತು," ಅಂದಳು ಅವ್ವ.

ಪುಟ್ಟೀರಿ ಎಣಿಸಿ ನೋಡಿದಳು. ಹತ್ತೇ.

ಇಪ್ಪತ್ತು ದಿನ ಹೋಯಿತು. ಕಾಯಿ ಬೆಳ್ಳಗಾಯಿತು. ಆಮೇಲೆ ನಸುಗೆಂಪಾಯಿತು. ಆಮೇಲೆ ಕೆಂಪಾಯಿತು. ಪುಟ್ಟೀರಿ ಒಂದನ್ನು ಮೆಲ್ಲಗೆ ಎಳೆದಳು. ಬಿಳೀ ದಿಂಡು ಗಿಡದಲ್ಲೇ ಉಳಿಯಿತು. ಹಣ್ಣು ಮಾತ್ರ ಬಂತು. ಒಳಗೆ ಟೊಳ್ಳು. ಅದನ್ನು ಬೆರಳ ತುದಿಗೆ ಟೋಪಿ ಹಾಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ತಿಂದಳು.

"ಹೆಂಗಿದೆ?" ಅಂದಳು ಅವ್ವ.

ಪುಟ್ಟೀರಿ ಕಣ್ಣು ಮುಚ್ಚಿದಳು. ಮುಖ ಕಿವಿಚಿದಳು.

"ಹುಳಿ."

"ಹಂಗಾದರೆ ಸಾಕಾ?"

"ಇನ್ನೊಂದು," ಅಂದಳು ಪುಟ್ಟೀರಿ.