ಬೀಗರ ಮನೆಯಲ್ಲಿದ್ದ ಪ್ರತಿ

"ಗುರುಗಳೇ, ನಮ್ಮದು ಹೆಸರಿರುವ ಮನೆ," ಎಂದು ವಾಗ್ದೇವಮ್ಮ ಆರಂಭಿಸಿದರು.

ಪ್ರಶ್ನೆ ಕೇಳುವ ಮೊದಲು ಮನೆತನವನ್ನು ಹೇಳುವುದು ಅವರ ಕ್ರಮ. ಊರಿನ ಮೊದಲ ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟವರು ಅವರ ಮುತ್ತಜ್ಜ. ಅಜ್ಜ ಪುರಸಭೆಯಲ್ಲಿದ್ದರು, ಅವರಿದ್ದಷ್ಟು ಕಾಲ ನಲ್ಲಿಯಲ್ಲಿ ನೀರು ಬಂದಿತ್ತು. ತಂದೆ ವಕೀಲರು, ಆದರೂ ಮನೆಯ ಒಂದು ವ್ಯಾಜ್ಯವೂ ಕೋರ್ಟಿಗೆ ಹೋಗಿರಲಿಲ್ಲ. ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲಿ ಓದಿದವರು. ಊಟದ ಮೇಜಿನ ಮೇಲೆ ಮೊಣಕೈ ಊರಿದವರು ಒಬ್ಬರೂ ಇಲ್ಲ. ತವರಿನ ಕಡೆಯದು ಮುಗಿದ ಮೇಲೆ ಗಂಡನ ಕಡೆಯದನ್ನು ಹೇಳಿದರು. ಗುರುಗಳು ಇದನ್ನೆಲ್ಲ ಹಿಂದೆಯೂ ಕೇಳಿದ್ದರು. ಈಗಲೂ ಪೂರ್ತಿಯಾಗಿ ಕೇಳಿದರು.

ಆಮೇಲೆ ವಾಗ್ದೇವಮ್ಮ ಪ್ರಶ್ನೆಗೆ ಬಂದರು.

"ಇಂಥ ಮನೆಯ ಫೋಟೊ, ವೀಡಿಯೊಗಳೆಲ್ಲ ಒಬ್ಬೊಬ್ಬರ ಫೋನಿನಲ್ಲಿ ಚೆಲ್ಲಾಪಿಲ್ಲಿಯಾಗಿವೆ. ಎಲ್ಲವನ್ನೂ ಒಂದೇ ಕಡೆ ಇಡುವ ಪೆಟ್ಟಿಗೆ ಬರುತ್ತದೆ. ಮನೆಯ ವೈಫೈಗೆ ಜೋಡಿಸಿಟ್ಟರೆ ಯಾವ ಕೋಣೆಯಿಂದಲೂ ನೋಡಬಹುದು. ಅದನ್ನು ಕೊಳ್ಳಬೇಕೆಂದಿದ್ದೇನೆ. ನನ್ನ ಸೊಸೆಗೆ ಸಣ್ಣ ಪೆಟ್ಟಿಗೆ ಸಾಕಂತೆ. ಜೊತೆಗೆ ಒಂದು ಬಿಡಿ ಡಿಸ್ಕ್ ಕೊಂಡು, ಎಲ್ಲದರ ಪ್ರತಿ ಮಾಡಿ, ಬೇರೊಂದು ಮನೆಯಲ್ಲಿ ಇಡಬೇಕಂತೆ. ಯಾರ ಮನೆಯಲ್ಲಿ? ಅವಳ ತವರಿನಲ್ಲಿ. ನಾಮಕರಣಕ್ಕೆ ಬಂದ ನೆಂಟರ ಎದುರಿಗೇ ನಾನು ಹೇಳಬೇಕಾದ್ದನ್ನು ಹೇಳಿದೆ. ಕಳ್ಳರ ಮನೆಯಿಂದ ಹೆಣ್ಣು ತಂದೆವಲ್ಲ ಎಂದೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಈಗಲೂ ಕಾರು ಓಡಿಸಿಕೊಂಡು ಬಂದವಳು ಹೊರಗೇ ಕೂತಿದ್ದಾಳೆ. ಅದಿರಲಿ. ನನ್ನ ಪ್ರಶ್ನೆ ಪೆಟ್ಟಿಗೆಯದು. ಮನೆಯದು ಮನೆಯಿಂದ ಹೊರಗೆ ಹೋಗದೆ ಶಾಶ್ವತವಾಗಿ ಉಳಿಯಬೇಕಾದರೆ ಎಂಥದನ್ನು ಕೊಳ್ಳಬೇಕು?"

ಮಠದ ಪ್ರವಚನಗಳನ್ನೂ ಅಂಥದೊಂದು ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಆದ್ದರಿಂದ ಗುರುಗಳು ಬೆರಗಾಗಲಿಲ್ಲ. "ಒಂದು ಕತೆ ಹೇಳುತ್ತೇನೆ, ತಾಯಿ," ಎಂದರು.

ಒಬ್ಬ ವರ್ತಕನಿದ್ದ. ತನ್ನ ಮಗನಿಗೆ ಒಬ್ಬ ರೈತನ ಮಗಳನ್ನು ತಂದುಕೊಂಡಿದ್ದ. ಮದುವೆ ಚೆನ್ನಾಗಿಯೇ ಆಯಿತು. ವರ್ತಕನ ತಾಯಿ ಮಾತ್ರ ಫೋಟೊಗೆ ಸಿಗುವವಳಲ್ಲ. ಕ್ಯಾಮೆರಾ ಕಂಡರೆ ಎದ್ದು ಹೋಗುವಳು. ಹಿಡಿದು ಕೂರಿಸಿದರೆ ಮುಖ ಗಂಟಿಕ್ಕಿಕೊಳ್ಳುವಳು. ಬೀಗರ ಔತಣದ ದಿನ ರೈತನ ಹೆಂಡತಿ ಅವಳ ಪಕ್ಕದಲ್ಲಿ ಕೂತು ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ಬಾಯಿ ತುಂಬ ನಕ್ಕಳು. ಮದುಮಗ ಅದೇ ಗಳಿಗೆಯಲ್ಲಿ ಫೋನಿನಿಂದ ಒಂದು ಫೋಟೊ ತೆಗೆದ. ಸ್ವಲ್ಪ ಕಾಲದಲ್ಲೇ ಮುದುಕಿ ತೀರಿಕೊಂಡಳು.

ಇನ್ನು ಮನೆಯ ನೆನಪುಗಳನ್ನು ಭದ್ರವಾಗಿ ಇಡಬೇಕೆಂದು ವರ್ತಕ ಪೆಟ್ಟಿಗೆ ಕೊಳ್ಳಲು ಹೊರಟ. ಮಗ ಸೊಸೆ ಇಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋದ. ಅವರನ್ನು ಏನೂ ಕೇಳಲಿಲ್ಲ.

ಅಂಗಡಿಯವನು ಎರಡು ಡಿಸ್ಕಿನ ಪೆಟ್ಟಿಗೆ ತೋರಿಸಿದ. "ಮನೆಗೆ ಇದು ಸಾಕು, ಯಜಮಾನರೇ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರುತ್ತದೆ."

"ಎರಡು ಡಿಸ್ಕಿನ ಮನೆಗಳು ಊರಲ್ಲಿ ಬೇಕಾದಷ್ಟಿವೆ," ಎಂದ ವರ್ತಕ. ನಾಲ್ಕು ಡಿಸ್ಕಿನದನ್ನು ಕೊಂಡ.

"ನಾಲ್ಕೂ ಒಂದೇ ತಯಾರಿಕೆಯವು ಬೇಡ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಕೆಡುವುದುಂಟು."

"ಒಂದೇ ಸಾಲಿನಲ್ಲಿ ಕೂರುವವು ಬೇರೆ ಬೇರೆ ಮನೆತನದವಾದರೆ ಹೊಂದಿಕೆಯಾಗುವುದಿಲ್ಲ."

ಪ್ರೊಸೆಸರ್ ಯಾವುದಿರಲಿ ಎಂಬ ಮಾತು ಬಂತು. ಇದ್ದುದರಲ್ಲಿ ಚುರುಕಾದದ್ದನ್ನು ವರ್ತಕ ಆರಿಸಿದ. ಸಾವಿರಾರು ಫೋಟೊಗಳಲ್ಲಿ ಅದು ಮುಖ ಗುರುತು ಹಿಡಿದು, ಒಬ್ಬೊಬ್ಬರದನ್ನು ಬೇರೆ ಮಾಡಿ ಕೊಡುತ್ತಿತ್ತು. ಕರೆಂಟು ಹೋದಾಗ ನಿಲ್ಲದಿರಲೆಂದು ಯುಪಿಎಸ್ ಕೂಡ ಕೊಂಡ.

"ಅಳಿಸಿದ್ದು ಕೆಲ ಕಾಲ ಕಸದ ಬುಟ್ಟಿಯಲ್ಲಿ ಉಳಿಯುವಂತೆ ಮಾಡಿಕೊಡಲೇ?" ಎಂದು ಅಂಗಡಿಯವನು ಕೇಳಿದ. "ಬೇಕೆನಿಸಿದರೆ ಮರಳಿ ತೆಗೆಯಬಹುದು."

"ನಮ್ಮ ಮನೆಯಲ್ಲಿ ಕಸ ಕೂಡಿಡುವ ಪದ್ಧತಿ ಇಲ್ಲ."

"ಹಾಗಾದರೆ ಎಲ್ಲದರ ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿರಲಿ. ಪೆಟ್ಟಿಗೆ ಎಷ್ಟು ದೊಡ್ಡದಾದರೂ ಇರುವುದು ಒಂದೇ ಸೂರಿನಡಿ."

"ಆ ಸೂರು ನನ್ನ ಅಜ್ಜ ಹಾಕಿಸಿದ್ದು. ಇದುವರೆಗೆ ಸೋರಿಲ್ಲ."

ಅಂಗಡಿಯವನು ಬಿಲ್ ಬರೆದ.

ಪೆಟ್ಟಿಗೆಯನ್ನು ನಡುಮನೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟರು. ವರ್ತಕನ ಹೆಂಡತಿ ಅದಕ್ಕೊಂದು ಕ್ರೋಷಾ ಹೊದಿಕೆ ಹೆಣೆದು ಹೊದಿಸಿದಳು. ಹೆಣಿಗೆ ಚೆನ್ನಾಗಿತ್ತು, ಪೆಟ್ಟಿಗೆಗೆ ಸೆಕೆಯಾಯಿತು. ಸೊಸೆ ಸದ್ದಿಲ್ಲದೆ ಅದನ್ನು ತೆಗೆದು ಮಿಕ್ಸಿಗೆ ಹೊದಿಸಿದಳು. ಎಲ್ಲರ ಫೋನಿನಲ್ಲಿದ್ದದ್ದೂ ಪೆಟ್ಟಿಗೆಗೆ ಹೋಯಿತು. ಬಳಿಕ ವರ್ತಕ ಫೋನುಗಳನ್ನೆಲ್ಲ ಖಾಲಿ ಮಾಡಿಸಿದ. ಉಗ್ರಾಣ ಇರುವಾಗ ಜೇಬಿನಲ್ಲಿ ಅಕ್ಕಿ ತುಂಬಿಕೊಂಡು ಯಾರಾದರೂ ಓಡಾಡುತ್ತಾರೆಯೇ ಎಂದ.

ಅಂಗಡಿಯವನ ಮಾತು ಸೊಸೆಯ ಮನಸ್ಸಿನಲ್ಲಿ ಉಳಿದಿತ್ತು. ಅವಳು ಎಲ್ಲವನ್ನೂ ಒಂದು ಬಿಡಿ ಡಿಸ್ಕಿಗೆ ಪ್ರತಿ ಮಾಡಿ, ತವರಿಗೆ ಹೋದಾಗ ಅಲ್ಲಿ ಇಟ್ಟು ಬಂದಳು. ಗಂಡನಿಗೆ ತಿಳಿಸಿದ್ದಳು. ಗಂಡ ತನ್ನ ತಂದೆಗೆ ತಿಳಿಸಲಿಲ್ಲ. ಒಳ್ಳೆಯ ಗಳಿಗೆಗಾಗಿ ಕಾಯುತ್ತಿದ್ದ.

ರೈತನ ಮನೆಯವರು ಡಿಸ್ಕನ್ನು ಟಿವಿಗೆ ಹಾಕಿ ಮದುವೆಯನ್ನು ಮತ್ತೆ ಮತ್ತೆ ನೋಡಿದರು. ಬಂದವರಿಗೂ ತೋರಿಸಿದರು. ಹಾಗೆ ನೋಡಿದ ಒಬ್ಬ ನೆಂಟ ಒಂದು ಗೃಹಪ್ರವೇಶದ ಊಟದಲ್ಲಿ ವರ್ತಕನ ಪಕ್ಕದ ಎಲೆಗೆ ಕೂತ.

"ನಿಮ್ಮ ಬೀಗರ ಟಿವಿಯಲ್ಲಿ ನಿಮ್ಮನ್ನು ನೋಡಿದೆ," ಎಂದ. "ಆರತಿಯ ಹೊತ್ತಿಗೆ ಸೊಗಸಾದ ನಿದ್ದೆ."

ವರ್ತಕ ಪಂಕ್ತಿಯ ನಡುವೆಯೇ ಸೊಸೆಯನ್ನು ಕರೆದ. "ನಮ್ಮ ಮನೆಯನ್ನು ನಿನ್ನ ತವರಿಗೆ ಸಾಗಿಸುತ್ತಿದ್ದೀಯಾ? ಇದಕ್ಕೆ ಕಳ್ಳತನ ಎನ್ನುತ್ತಾರೆ."

"ಕದ್ದರೆ ಇದ್ದಲ್ಲಿ ಕಡಿಮೆಯಾಗಬೇಕಲ್ಲವೇ, ಮಾವ?" ಎಂದಳು ಸೊಸೆ. "ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ?"

ಉತ್ತರ ಹೊಳೆಯದ ದೊಡ್ಡವರು ಮಾಡುವಂತೆ ವರ್ತಕ ಊಟ ಬಿಟ್ಟು ಎದ್ದ. ಹೋಳಿಗೆಯನ್ನು ಆಗತಾನೆ ಬಡಿಸಿದ್ದರು. ಆ ಸಿಟ್ಟೂ ಸೇರಿಕೊಂಡಿತು.

ಮನೆಗೆ ಬಂದವನೇ ಪೆಟ್ಟಿಗೆಯನ್ನು ತೆರೆದು ಕೂತ. ಬೀಗ, ಬೀಗಿತ್ತಿ ಇಬ್ಬರ ಮುಖವನ್ನೂ ಆರಿಸಿ, ಅವರಿರುವ ಫೋಟೊಗಳನ್ನೆಲ್ಲ ಅಳಿಸುವಂತೆ ಒತ್ತಿದ. ಖಚಿತವೇ ಎಂದು ಪೆಟ್ಟಿಗೆ ಕೇಳಿತು. ತನ್ನ ಮನೆಯಲ್ಲಿ ತನ್ನನ್ನೇ ಪ್ರಶ್ನಿಸುವುದೇ ಎಂದು ಅವನು ಇನ್ನೂ ಬಲವಾಗಿ ಒತ್ತಿದ. ಸಾಧಾರಣ ಪೆಟ್ಟಿಗೆಯಾಗಿದ್ದರೆ ಮುಖ ಹುಡುಕಲು ತಿಣುಕುತ್ತಿತ್ತು. ಅಷ್ಟರಲ್ಲಿ ಯಜಮಾನನ ಸಿಟ್ಟಾದರೂ ಇಳಿಯುತ್ತಿತ್ತು. ವರ್ತಕನದು ಒಳ್ಳೆಯ ಪೆಟ್ಟಿಗೆ. ಅವನು ಅಂಗಿ ತೆಗೆದು ಗೂಟಕ್ಕೆ ಹಾಕುವುದರೊಳಗೆ ಕೆಲಸ ಮುಗಿಸಿತು. ಒಂದು ಡಿಸ್ಕ್ ಅಳಿಸಿದ್ದನ್ನು ಉಳಿದ ಮೂರೂ ಅಳಿಸಿದವು. ಸ್ವಲ್ಪ ತಾಳಿ ಯಜಮಾನರೇ ಎಂದು ಒಂದೂ ಹೇಳಲಿಲ್ಲ. ಕಸದ ಬುಟ್ಟಿಯಂತೂ ಇರಲೇ ಇಲ್ಲ.

ತಾಯಿಯ ಮೊದಲ ವರ್ಷದ ತಿಥಿ ಹತ್ತಿರ ಬಂತು. ಅವಳು ನಗುವ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸು ಎಂದು ವರ್ತಕ ಮಗನಿಗೆ ಹೇಳಿದ. ಮಗ ಹುಡುಕಿದ. ಪೆಟ್ಟಿಗೆಯಲ್ಲಿ ಅಜ್ಜಿಯದು ಒಂದೇ ಫೋಟೊ ಉಳಿದಿತ್ತು, ಆಧಾರ್ ಕಾರ್ಡಿನದು. ಅದರಲ್ಲಿ ಅವಳು ಪಕ್ಕದ ಮನೆಯವರ ಮೇಲೆ ದೂರು ಕೊಡಲು ಬಂದವಳಂತಿದ್ದಳು. ನಗುವ ಫೋಟೊದಲ್ಲಿ ಅವಳ ಪಕ್ಕದಲ್ಲಿ ಬೀಗಿತ್ತಿ ಇದ್ದಳು. ಆದ್ದರಿಂದ ಅದೂ ಹೋಗಿತ್ತು.

ವರ್ತಕ ಅಂಗಡಿಯವನಿಗೆ ಫೋನ್ ಮಾಡಿದ. "ಮರಳಿ ಬರುವುದಿಲ್ಲ, ಯಜಮಾನರೇ," ಎಂದ ಅಂಗಡಿಯವನು. "ನೀವು ಕೊಂಡದ್ದು ಸಾಮಾನ್ಯ ಪೆಟ್ಟಿಗೆಯಲ್ಲ. ಅಳಿಸಿದರೆ ಚೆನ್ನಾಗಿ ಅಳಿಸುತ್ತದೆ."

ವರ್ತಕ ಆಧಾರ್ ಕಾರ್ಡನ್ನು ನೋಡುತ್ತ ಕೂತಿದ್ದ. ತಾಯಿ ನಕ್ಕದ್ದು ಅವನಿಗೆ ನೆನಪಿತ್ತು. ನಕ್ಕಾಗ ಮುಖ ಹೇಗಿತ್ತು ಎಂಬುದು ನೆನಪಾಗಲಿಲ್ಲ. ಸೊಸೆ ಕಾಫಿ ತಂದಿಟ್ಟಳು. ಗೃಹಪ್ರವೇಶದ ದಿನದಿಂದ ಅವಳು ಮಾವನೊಡನೆ ಮಾತಾಡಿರಲಿಲ್ಲ. "ಅದು ತವರಿನಲ್ಲಿದೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ವರ್ತಕ ಒಬ್ಬನೇ ರೈತನ ಮನೆಗೆ ಹೋದ. ಕೂರುವ ಮೊದಲೇ ಬೆಲ್ಲ, ನೀರು ಬಂದವು. ಡಿಸ್ಕ್ ಅಡಿಗೆಮನೆಯಲ್ಲಿ ಹಪ್ಪಳದ ಡಬ್ಬಿಯೊಳಗಿತ್ತು. ಮಳೆಗಾಲದಲ್ಲೂ ಹಪ್ಪಳ ಮೆತ್ತಗಾಗದ ಡಬ್ಬಿ ಮನೆಯಲ್ಲಿ ಅದೊಂದೇ ಎಂದು ರೈತನ ಹೆಂಡತಿ ವಿವರಿಸಿದಳು. ಟಿವಿಗೆ ಹಾಕಿದರು. ತಾಯಿ ಬಾಯಿ ತುಂಬ ನಗುತ್ತಿದ್ದಳು.

ವರ್ತಕ ಕಣ್ಣೊರೆಸಿಕೊಂಡ. "ಆ ದಿನ ಅವಳ ಕಿವಿಯಲ್ಲಿ ಏನು ಹೇಳಿದಿರಿ, ಬೀಗಿತ್ತಿಯವರೇ?"

ರೈತನ ಹೆಂಡತಿ ಗಂಡನ ಮುಖ ನೋಡಿದಳು. "ಹೇಳು, ಅವರೇ ಕೇಳುತ್ತಿದ್ದಾರಲ್ಲ," ಎಂದ ರೈತ.

"ನಿಮ್ಮ ಮಗ ಯಾವಾಗಲೂ ಹೀಗೇನಾ ಅಂತ ಕೇಳಿದೆ," ಎಂದಳು ಅವಳು.

ವರ್ತಕ ನೀರು ಕುಡಿದ. ಆಮೇಲೆ ಡಿಸ್ಕಿಗೆ ಕೈ ಚಾಚಿದ.

"ನಿಮ್ಮದೇ, ಒಯ್ಯಿರಿ ಬೀಗರೇ," ಎಂದ ರೈತ. "ಆದರೆ ಇನ್ನೊಂದು ಪ್ರತಿ ನಾವು ಮಾಡಿಟ್ಟುಕೊಂಡೇ ಕೊಡುತ್ತೇವೆ. ನಿಮ್ಮ ಮನೆಯಲ್ಲಿ ಸಾಮಾನು ಉಳಿಯುವುದಿಲ್ಲ."

ತಿಥಿಯ ದಿನ ನಗುವ ತಾಯಿಗೆ ಹಾರ ಹಾಕಿದರು. ನೆಂಟರೆಲ್ಲ ಫೋಟೊವನ್ನು ಹೊಗಳಿದರು. ಇಷ್ಟು ದಿನ ಎಲ್ಲಿಟ್ಟಿದ್ದಿರಿ ಎಂದು ಒಬ್ಬರು ಕೇಳಿದರು.

"ಮುಂದಾಲೋಚನೆಯಿಂದ ಒಂದು ಪ್ರತಿಯನ್ನು ಬೀಗರ ಮನೆಯಲ್ಲಿ ಇಡಿಸಿದ್ದೆ," ಎಂದ ವರ್ತಕ.

ಸೊಸೆ ಅಲ್ಲಿಯೇ ಎಲೆ ಹಾಕುತ್ತಿದ್ದಳು. ಗೃಹಪ್ರವೇಶದಲ್ಲಿ ಅವನು ಅವಳನ್ನು ಕಳ್ಳಿ ಎಂದದ್ದನ್ನು ಕೇಳಿದ್ದವರೇ ಆ ಎಲೆಗಳ ಮುಂದೆ ಕೂತರು. ಅಷ್ಟೆಲ್ಲ ಅಳಿಸಿದವನು ಆ ಒಂದು ಮಾತನ್ನು ಅಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ವಾಗ್ದೇವಮ್ಮ ಸೆರಗು ಸರಿಮಾಡಿಕೊಂಡರು. "ಹೊಸದಾಗಿ ಮೇಲೆ ಬಂದವರು ಹಾಗೆಯೇ, ಗುರುಗಳೇ. ಮನೆತನ ಇರುವುದಿಲ್ಲ," ಎಂದರು. "ನಾನು ಕಸದ ಬುಟ್ಟಿ ಇರುವುದನ್ನೇ ಕೊಳ್ಳುತ್ತೇನೆ. ಡಿಸ್ಕ್ ಮಾತ್ರ ಎರಡಿರಲೋ ನಾಲ್ಕಿರಲೋ ತಾವೇ ಹೇಳಬೇಕು."

ಹೊರಗೆ ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಗುರುಗಳ ಉತ್ತರ ಒಂದೇ ಸಾಲಿನದು.

"ಡಿಸ್ಕ್ ಎಷ್ಟಾದರೂ ಇರಲಿ, ತಾಯಿ, ಮೊದಲು ನಾಮಕರಣಕ್ಕೆ ಬಂದಿದ್ದ ಅದೇ ನೆಂಟರನ್ನು ಕರೆಸಿ, ಅವರ ಎದುರಿಗೆ ಸೊಸೆಯ ಕ್ಷಮೆ ಕೇಳಿ."