ಬಾಗಿಲ ಮುಂದಿನ ಕವಳಿ ಗಿಡ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಎರಡು ಗುಡಿಸಲು, ಒಂದು ಕಟ್ಟೆ, ಬಾಗಿಲ ಬದಿಗೆ ಒಂದು ಕವಳಿ ಗಿಡ.

ಕವಳಿ ಗೊತ್ತಲ್ಲ? ಬೇಸಿಗೆಯಲ್ಲಿ ಮಲ್ಲಿಗೆಯಂಥ ಹೂವು, ಮಳೆಗೆ ಮುಂಚೆ ಕಪ್ಪು ಹಣ್ಣು, ವರ್ಷವಿಡೀ ಮುಳ್ಳು. ಜನ ಅದನ್ನು ಹೊಲದ ಬೇಲಿಗೆ ಹಚ್ಚುತ್ತಾರೆ. ಗುರು ಮುರಿಗಯ್ಯನವರು ಮಾತ್ರ ಬಾಗಿಲಿಗೇ ಹಚ್ಚಿದ್ದರು. ಎಂಥ ಕಣ್ಣು ನೋಡಿ ಅವರದು! ಹೂವು, ಹಣ್ಣು, ಕಾವಲು, ಹಕ್ಕಿಯ ಹಾಡು, ಎಲ್ಲವನ್ನೂ ಒಂದೇ ಕಾಂಡದಲ್ಲಿ ಕೊಡುವ ಗಿಡ ಮನೆ ಮುಂದೆ ಇರದೆ ಇನ್ನೆಲ್ಲಿ ಇರಬೇಕು?

ಅದರ ಆರೈಕೆ ಶಿಷ್ಯ ಅಡಿವೆಪ್ಪನದು.

ಅಡಿವೆಪ್ಪ ಸಿಂಪಿಗರ ಮಗ, ಅಂಗಿ ಹೊಲಿಯುವ ಮನೆತನ. ತಂದೆ ಬಿಟ್ಟುಹೋದ ಹಿತ್ತಾಳೆ ಹಿಡಿಕೆಯ ಕತ್ತರಿಯೊಂದೇ ಅವನ ಆಸ್ತಿ. ಎಲ್ಲಾದರೂ ಒಂದು ಎಳೆ ಹೊರಗೆ ಚಾಚಿದ್ದು ಕಂಡರೆ ಅವನ ಕೈ ತಾನಾಗಿ ಕತ್ತರಿಗೆ ಹೋಗುತ್ತಿತ್ತು.

ಅವನ ಊರಿನವರು ಅವನಿಗೆಂದು ಒಂದು ಮಠ ಕಟ್ಟಿ ಕಾಯುತ್ತಿದ್ದರು. ದಸರೆಗೊಮ್ಮೆ ಹಿರಿಯರು ಬಂದು, ನಮ್ಮ ಹುಡುಗನನ್ನು ಕಳಿಸಿಕೊಡಿ ಎನ್ನುವರು. ಗುರುಗಳ ಉತ್ತರ ಒಂದೇ.

“ಈ ಗಿಡ ಹಣ್ಣು ಬಿಡಲಿ. ಮೊದಲನೇ ಹಣ್ಣು ಕಂಡ ದಿನ ಹೊರಡಲಿ.”

ಹೀಗಾಗಿ ಅಡಿವೆಪ್ಪ ಗಿಡವನ್ನು ಕೂಸಿನಂತೆ ನೋಡಿಕೊಂಡ. ಹೊಳೆಯಿಂದ ನೀರು ಹೊತ್ತ. ಗೊಬ್ಬರ ಹಾಕಿದ. ಬೆಳಗಾದರೆ ಗಿಡದ ಸುತ್ತ ಒಂದು ಪ್ರದಕ್ಷಿಣೆ. ಹೊರಗೆ ಇಣುಕಿದ ಕುಡಿಯನ್ನೆಲ್ಲ ಕಚಕ್ ಕಚಕ್ ಕತ್ತರಿಸುವನು. ಗಿಡ ಕುಲಾವಿಯಂತೆ ದುಂಡಗಾಯಿತು. ಮುಳ್ಳಿಗೂ ಟೊಪಿಗಿ ಹೊಲಿದಾನಲ್ಲ ಈ ಮಾರಾಯ ಎಂದು ಬಂದವರು ನಗುವರು.

ಹೂವು ಮಾತ್ರ ಬರಲಿಲ್ಲ. ಯಾರೂ ತಿರುಗಿ ನೋಡದ ಬೇಲಿಯ ಕವಳಿಗಳು ಬೇಸಿಗೆ ಬಂತೆಂದರೆ ಬೆಳ್ಳಗಾಗುತ್ತಿದ್ದವು. ಇದು ಹಸಿರಾಗಿಯೇ ಇತ್ತು.

ಅಡಿವೆಪ್ಪ ಗಿಡವನ್ನಷ್ಟೇ ಅಲ್ಲ, ಮಂದಿಯ ಮಾತನ್ನೂ ಒಪ್ಪ ಮಾಡುವವನು. ಆಚೆ ದಂಡೆಯಿಂದ ನೀಲವ್ವ ಎಂಬ ಮುದುಕಿ ಬರುತ್ತಿದ್ದಳು. ಅವಳ ಮಾತು ಶುರುವಾಗುವುದು ಎಮ್ಮೆಯಿಂದ. ಎಮ್ಮೆ ಕೊಟ್ಟಿಗೆಗೆ ಬರುವಷ್ಟರಲ್ಲಿ ಅಡಿವೆಪ್ಪ ತಡೆಯುವನು.

“ಅವ್ವಾ, ಅಸಲು ಮಾತು ಹೇಳು.”

“ಅಸಲು ಯಾವುದು ಅಂತ ಗೊತ್ತಿದ್ದರ ಇಲ್ಲೀತನಕ ಯಾಕ ಬರ್ತಿದ್ದೆನೋ ತಮ್ಮಾ?”

ಎಂದು ಅವಳು ಎದ್ದು ಹೋಗುವಳು.

ಆ ದಸರೆಗೆ ಊರಿನ ಹಿರಿಯರು ಬೇಸರದಿಂದಲೇ ಬಂದರು. ಮಠಕ್ಕೆ ಎಷ್ಟು ದಿನ ಬೀಗ ಹಾಕೋಣ, ಬರುವ ಮಳೆಗಾಲದ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ಕೂರಿಸುತ್ತೇವೆ ಎಂದು ಹೇಳಿಹೋದರು.

ಮರುದಿನ ಬೆಳಿಗ್ಗೆ ಗಿಡದ ಪ್ರದಕ್ಷಿಣೆ ಮುಗಿಸಿ, ಅಡಿವೆಪ್ಪ ಗುರುಗಳ ಎದುರು ಬಂದು ನಿಂತ.

“ಅಪ್ಪಾರ, ಈ ಗಿಡ...”

“ಸಾಕು,” ಅಂದರು ಗುರುಗಳು.

ಸ್ನಾನಕ್ಕೆ ನೀರು ಕೊಡುವಾಗ ಮತ್ತೆ ಬಾಯಿ ತೆರೆದ. “ನಾ ಎಷ್ಟು ನೀರು...”

“ಸಾಕು.”

ಊಟಕ್ಕೆ ಬಡಿಸುತ್ತ, “ಅಪ್ಪಾರ, ಒಂದು ಮಾತು...” ಅಂದ.

“ಸಾಕು.”

ರೊಟ್ಟಿ ಸಾಕೆಂದರೋ ಮಾತು ಸಾಕೆಂದರೋ ತಿಳಿಯದೆ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತ. ಗುರುಗಳು ತಾವೇ ಕೈಚಾಚಿ ರೊಟ್ಟಿ ಹಾಕಿಸಿಕೊಂಡರು.

ಇಳಿಹೊತ್ತಿನವರೆಗೂ ಹೀಗೇ ನಡೆಯಿತು. ಆಡದ ಮಾತೆಲ್ಲ ಗಂಟಲಲ್ಲಿ ಗಂಟು ಕಟ್ಟಿ, ಸಿಟ್ಟೋ ಅಳುವೋ ತಿಳಿಯದೆ, ಅವನು ಗಿಡದ ಬುಡಕ್ಕೆ ಹೋಗಿ ಕುಳಿತ. ಮುಖದ ಮುಂದೆಯೇ ಒಂದು ಎಳೆಯ ಕುಡಿ ಇತ್ತು. ಕತ್ತರಿ ಎತ್ತಿದ.

ಕುಡಿಯ ಪಕ್ಕದಲ್ಲಿ ಬೆಳಗಿನ ಗಾಯ. ಬಿಳಿಯ ಹಾಲು ಇನ್ನೂ ಅಂಟಾಗಿತ್ತು. ಅದರ ಪಕ್ಕ ನಿನ್ನೆಯದು, ಅದರಾಚೆ ಒಣಗಿದ್ದು. ಆ ಕುಡಿಯೊಂದನ್ನು ಬಿಟ್ಟರೆ ಕತ್ತರಿಸದ ತುದಿ ಒಂದೂ ಇರಲಿಲ್ಲ.

ಅಡಿವೆಪ್ಪ ಗಂಟಲು ಮುಟ್ಟಿಕೊಂಡ. ಕತ್ತರಿ ಕೆಳಗಿಟ್ಟ.

“ಅಪ್ಪಾರ,” ಎಂದು ಮರುದಿನ ಕೇಳಿದ, “ಕವಳಿ ಹೂವು ಟೊಂಗಿ ತುದಿಗೇ ಬರ್ತದೇನ್ರಿ?”

ಈ ಸಲ ಗುರುಗಳು ಮಾತು ಮುಗಿಯುವ ತನಕ ಬಿಟ್ಟರು.

“ಹೌದಪಾ.”

“ಹಂಗಿದ್ದರ ಮೊದಲೇ ಒಂದು ಮಾತು ಹೇಳಬಹುದಿತ್ತಲ್ರಿ.”

“ಹೇಳಿದ್ದರ ಕತ್ತರಿ ಕೆಳಗಿಡ್ತಿದ್ದಿ. ಕೈ ಹಂಗೇ ಇರ್ತಿತ್ತು.”

ಆಮೇಲೆ ಗಿಡದ ಕಾರುಬಾರು ಕೇಳಬೇಡಿ. ಮನಬಂದತ್ತ ತೋಳು ಚಾಚಿತು. ಬಂದವರ ಧೋತರ ಹಿಡಿದು ಜಗ್ಗಿತು, ರುಮಾಲು ಎತ್ತಿಕೊಂಡಿತು. ಗುರುಗಳು ಮೈ ಬಾಗಿಸಿ ಒಳಗೆ ಹೋದರು. ನೋಡಿ ನೋಡಿ ಉಳಿದವರೂ ಬಾಗಲು ಕಲಿತರು. ಬೇಸಿಗೆ ಮೊದಲಾದದ್ದೇ, ತುದಿತುದಿಗೂ ಗೊಂಚಲು ಗೊಂಚಲು ಬಿಳಿ ಹೂವು. ಹೊಳೆ ದಾಟುವವರು ನಡುನೀರಲ್ಲೇ ಮೂಗರಳಿಸಿ, ಆಶ್ರಮ ಬಂತು ಎನ್ನುತ್ತಿದ್ದರಂತೆ.

ಹಾಗೆ ದಾಟಿ ಬಂದವಳು ನೀಲವ್ವ. ಗಿಡದ ನೆರಳಲ್ಲಿ ಕುಳಿತು ಎಮ್ಮೆಯಿಂದ ಶುರುಮಾಡಿದಳು. ಅಡಿವೆಪ್ಪನ ಬೆರಳು ತಾವಾಗಿ ಕತ್ತರಿಯಾದವು. ಆ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತ. ಎಮ್ಮೆ ಹೋಗಿ ಸೊಸೆ ಬಂದಳು, ಸೊಸೆ ಹೋಗಿ ಬಾವಿಯ ಹಗ್ಗ ಬಂತು, ಹಗ್ಗದ ಬೆನ್ನಿಗೆ ಮೊಣಕಾಲ ನೋವು. ಕಡೆಗೆ ಅವಳು ಎದ್ದಳು. ಸೆರಗು ಕೊಡವಿಕೊಂಡು ನಿಂತಳು.

“ಮಗ ಹೊಳಿ ಪಾಲಾದ ಮ್ಯಾಲೆ ಅವನ ಹೆಸರು ಮನ್ಯಾಗ ಯಾರೂ ಎತ್ತಂಗಿಲ್ಲೋ ತಮ್ಮಾ. ನನಗ ಒಮ್ಮೆ ಕರೀಬೇಕನಸ್ತದ.”

ಅಡಿವೆಪ್ಪ ಮೆಲ್ಲಗೆ ಕೇಳಿದ. “ಏನವ್ವಾ ಅವನ ಹೆಸರು?”

“ಪರುತಪ್ಪ.”

“ಪರುತಪ್ಪ,” ಅಂದ ಅಡಿವೆಪ್ಪ.

ಮುದುಕಿ ಅವನ ತಲೆ ಮುಟ್ಟಿ ಹೋದಳು.

ಹೂವು ಉದುರಿ ಕಾಯಿ ಕಚ್ಚಿತು. ಕಾಯಿ ಕೆಂಪಾಗಿ, ಕಪ್ಪಿಗೆ ತಿರುಗಿತು. ಮೋಡ ಕಟ್ಟುವ ಹೊತ್ತಿಗೆ ಊರಿನ ಹಿರಿಯರು ಬಂಡಿ ಹೂಡಿಕೊಂಡೇ ಬಂದರು. ಹಣ್ಣಿದ್ದರೆ ಶಿಷ್ಯ, ಇಲ್ಲದಿದ್ದರೆ ಬರೀ ಬಂಡಿ.

ಅಡಿವೆಪ್ಪ ಎಲೆಯ ದೊನ್ನೆ ಹಿಡಿದು ಗಿಡದ ಹತ್ತಿರ ಹೋದ. ಪೂರಾ ಮಾಗಿದ್ದು ಒಂದೇ ಒಂದು, ಎಲ್ಲಕ್ಕಿಂತ ಮೇಲಿನ ತುದಿಗೆ. ಹೋದವನು ತುಸು ಹೊತ್ತು ಬಿಟ್ಟು ಬರಿದೊನ್ನೆಯೊಂದಿಗೆ ಬಂದ.

“ಹಣ್ಣೆಲ್ಲಿ?” ಅಂದರು ಗುರುಗಳು.

“ಪಿಕಳಾರ ಹಕ್ಕಿ ಬಂದು ತಿಂತ್ರಿ.”

“ನೀ ಏನು ಮಾಡಿದಿ?”

“ಅದು ತಿಂದು ಮುಗಿಸೂತನಕ ನಿಂತಿದ್ದೆರಿ.”

ಹಿರಿಯರು ಮುಖ ಮುಖ ನೋಡಿಕೊಂಡರು. ಗುರುಗಳು ಹೊಟ್ಟೆ ಕುಣಿಯುವಂತೆ ನಕ್ಕರು.

“ಮೊದಲನೇ ಹಣ್ಣು ಕಂಡಿಯಲ್ಲ. ಹೊರಡು.”

ಅಡಿವೆಪ್ಪ ಅವರ ಪಾದಕ್ಕೆ ಹಣೆ ಹಚ್ಚಿದ. ಎದ್ದವನು, ಗುರುದಕ್ಷಿಣೆಗೆ ತನ್ನಲ್ಲಿ ಏನೂ ಇಲ್ಲವಲ್ಲ ಎಂದು ತಡವರಿಸಿದ.

ಗುರುಗಳು ಅವನ ಸೊಂಟದ ಕಡೆ ನೋಡಿದರು. ಅಲ್ಲಿ ಹಿತ್ತಾಳೆ ಹಿಡಿಕೆ ಹೊಳೆಯುತ್ತಿತ್ತು.

“ಅದನ್ನ ಇಲ್ಲೇ ಬಿಟ್ಟು ಹೋಗು. ಅಲ್ಲಿ ನಿನಗ ಶಿಷ್ಯರು ಬರ್ತಾರ.”